ಸಣ್ಣ ರಿವಾಲ್ವರಿಗೆ ಯಾವ ಗುಂಡು? ಬಳ್ಳಾರಿ ಸೀಮೆಯ ಪರವಾನಗಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯ ಅಕ್ಕಿ ಗಿರಣಿಯವರಿರಲಿ, ಸಂಡೂರಿನ ಗಣಿ ಗುತ್ತಿಗೆದಾರರಿರಲಿ, ರಾಯಚೂರಿನ ಹತ್ತಿ ವ್ಯಾಪಾರಿಗಳಿರಲಿ, ಹೊಸದಾಗಿ ರಿವಾಲ್ವರ್ ಪರವಾನಗಿ ಪಡೆದವರು ಮೊದಲು ಕೇಳುವುದು ಒಂದೇ ಮಾತು: "ಹಾಲೋ ಪಾಯಿಂಟ್ ಗುಂಡು ಸಿಗುತ್ತದೆಯೇ?" ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿ ಬಂದ ಪ್ರಶ್ನೆ ಅದು. ನಮ್ಮ ಕೈಯಲ್ಲಿರುವ ರಿವಾಲ್ವರ್ ಬೇರೆ, ನಮ್ಮ ಕಾನೂನು ಬೇರೆ, ನಮ್ಮ ಬಿಸಿಲೂ ಬೇರೆ. ಕೆಳಗಿನ ಉತ್ತರಗಳು ಪರವಾನಗಿ ಇದ್ದವರಿಗಾಗಿ ಮಾತ್ರ.

ಹಾಲೋ ಪಾಯಿಂಟ್ ಎಂದರೆ ನಿಖರವಾಗಿ ಏನು?

ಗುಂಡಿನ ಮೂತಿಯಲ್ಲಿ ಬಟ್ಟಲಿನಂತೆ ಟೊಳ್ಳು ಬಿಟ್ಟಿರುತ್ತಾರೆ. ಮೆದುವಾದ, ತೇವವಿರುವ ವಸ್ತುವಿಗೆ ಬಡಿದಾಗ ಆ ಟೊಳ್ಳಿನೊಳಗೆ ಒತ್ತಡ ಏರಿ, ಮೂತಿ ಹೊರಕ್ಕೆ ಮಡಚಿಕೊಂಡು ಗುಂಡು ಅಗಲವಾಗುತ್ತದೆ. ಅಗಲವಾದ ಗುಂಡು ಬೇಗ ನಿಲ್ಲುತ್ತದೆ, ಹಿಂದೆ ಇದ್ದವರಿಗೆ ತಗಲುವ ಸಂಭವ ಕಡಿಮೆಯಾಗುತ್ತದೆ. ಪೂರ್ತಿ ಸೀಸದ್ದಾದರೆ ಲೆಡ್ ಹಾಲೋ ಪಾಯಿಂಟ್; ಸೀಸದ ಮೇಲೆ ತಾಮ್ರದ ಹೊದಿಕೆ ಇದ್ದರೆ ಜಾಕೆಟೆಡ್. ತಾಮ್ರದ ಹೊದಿಕೆ ಹರಿಯಲು ಹೆಚ್ಚು ವೇಗ ಬೇಕು. ಬರಿಯ ಮೆದು ಸೀಸ ಸ್ವಲ್ಪ ಕಡಿಮೆ ವೇಗದಲ್ಲೂ ಅರಳುತ್ತದೆ. ಗಿಡ್ಡ ನಳಿಗೆಯ ರಿವಾಲ್ವರಿಗೆ ಸೀಸದ ಹಾಲೋ ಪಾಯಿಂಟ್ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ.

ಆ ಮಾತು ಸುಳ್ಳೇ?

ಸುಳ್ಳಲ್ಲ. ಆದರೆ ಅದು .38 ಸ್ಪೆಷಲ್ ಬೋರಿನ ಬಗ್ಗೆ ಹುಟ್ಟಿದ ಮಾತು. (ಬೋರ್ ಎಂದರೆ ನಳಿಗೆಯ ಒಳ ಅಗಲ, ಸರಿಸುಮಾರು ಅಂಗುಲದ ಲೆಕ್ಕದಲ್ಲಿ.) 1970ರ ದಶಕದಲ್ಲಿ ಅಮೆರಿಕದ ಎಫ್‌ಬಿಐ .38ರಲ್ಲಿ 158 ಗ್ರೇನ್ (ಸುಮಾರು ಹತ್ತು ಗ್ರಾಂ) ತೂಕದ, ಹೊದಿಕೆಯಿಲ್ಲದ ಸೀಸದ ಹಾಲೋ ಪಾಯಿಂಟನ್ನು ಬಳಕೆಗೆ ತಂದಿತು. ಹೆಚ್ಚು ಒತ್ತಡದ ಮದ್ದು, ಭಾರವಾದ ಮೆದು ಸೀಸ, ಎರಡೂ ಸೇರಿ ಅದು ಹೆಸರು ಮಾಡಿತು. ಇಂದಿಗೂ ಅಲ್ಲಿ ಅದನ್ನು "ಎಫ್‌ಬಿಐ ಲೋಡ್" ಎಂದೇ ಕರೆಯುತ್ತಾರೆ.

ನಮ್ಮಲ್ಲಿ ಸಾಮಾನ್ಯ ನಾಗರಿಕನಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಸೇನೆ ಮತ್ತು ಪೊಲೀಸರು ಬಳಸುವ .380, .455, 9 ಎಂಎಂ, .45 ಗುಂಡು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳನ್ನು ಶಸ್ತ್ರಾಸ್ತ್ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಉಳಿದದ್ದು ಮುಖ್ಯವಾಗಿ .32, ಅದರಾಚೆಗೆ .22. ಆದ್ದರಿಂದ .38ರ ವಿಡಿಯೊ ನೋಡಿ .32ಕ್ಕೆ ಗುಂಡು ಆರಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ .32 ರಿವಾಲ್ವರಿನಲ್ಲಿ ಹಾಲೋ ಪಾಯಿಂಟ್ ಕೆಲಸ ಮಾಡುವುದಿಲ್ಲವೇ?

ಬಹುಪಾಲು ಇಲ್ಲ. ಕಾರಣ ವೇಗ. ನಮ್ಮ ರಿವಾಲ್ವರುಗಳಲ್ಲಿ ಬಳಸುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ಗುಂಡು. ಇದು 1896ರಲ್ಲಿ ಹುಟ್ಟಿದ್ದು. ಸಾಮಾನ್ಯ ಗುಂಡಿನ ತೂಕ 98 ಗ್ರೇನ್, ಅಂದರೆ ಆರು ಗ್ರಾಂಗಿಂತ ಸ್ವಲ್ಪ ಹೆಚ್ಚು. ವೇಗ ಸೆಕೆಂಡಿಗೆ ಹೆಚ್ಚೆಂದರೆ 215ರಿಂದ 235 ಮೀಟರ್. ಮೂರು ಅಂಗುಲದ ನಳಿಗೆಯಲ್ಲಿ ಅದಕ್ಕೂ ಕಡಿಮೆ. ಶಕ್ತಿ ಸುಮಾರು 150 ಜೂಲ್. ಮೇಲೆ ಹೇಳಿದ .38ರ ಗುಂಡಿನ ಶಕ್ತಿ ಇದರ ಎರಡು ಪಟ್ಟಿಗಿಂತ ಹೆಚ್ಚು.

ಇಷ್ಟು ನಿಧಾನ ಹೋಗುವ ಗುಂಡಿನ ಟೊಳ್ಳು ಮೂತಿಗೆ ಮೊದಲು ಸಿಗುವುದು ಬಟ್ಟೆ. ಬಟ್ಟೆಯ ಚೂರು ಟೊಳ್ಳಿನಲ್ಲಿ ಬಿರಡೆಯಂತೆ ತುಂಬಿಕೊಂಡರೆ ಮೂತಿ ಅರಳುವುದೇ ಇಲ್ಲ. ಗುಂಡು ಮಾಮೂಲಿ ದುಂಡು ಮೂತಿಯ ಗುಂಡಿನಂತೆ ಹೋಗುತ್ತದೆ. ಅಕಸ್ಮಾತ್ ಅರಳಿತು ಎಂದಿಟ್ಟುಕೊಳ್ಳಿ. ಹಗುರ ಗುಂಡು ಅಗಲವಾದರೆ ಆಳಕ್ಕೆ ಇಳಿಯದೆ ಮೇಲುಮೇಲಕ್ಕೇ ನಿಂತುಬಿಡಬಹುದು. 1986ರಲ್ಲಿ ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಅದೇ ಎಫ್‌ಬಿಐ ಜೆಲ್ ಪರೀಕ್ಷೆಯಲ್ಲಿ (ಮಾಂಸದಂತೆ ಮೆದುವಾದ ಜೆಲಟಿನ್ ಗಟ್ಟಿಗೆ ಗುಂಡು ಹಾರಿಸಿ ನೋಡುವುದು) ಕನಿಷ್ಠ 12 ಅಂಗುಲ ಆಳ ಬೇಕೆಂದು ನಿಗದಿ ಮಾಡಿತು. ಅರಳುವುದು ಆಳದ ನಂತರದ ಮಾತು. .32ರಂಥ ಮೆಲ್ಲನೆಯ ಬೋರಿನಲ್ಲಿ ಆಳ ಮತ್ತು ಅಗಲ ಎರಡನ್ನೂ ಒಟ್ಟಿಗೆ ಕೇಳಿದರೆ ಎರಡೂ ಸಿಗುವುದಿಲ್ಲ.

ನನ್ನ ಅಭಿಪ್ರಾಯ ನೇರ: .32ಕ್ಕೆ ಹಾಲೋ ಪಾಯಿಂಟ್ ಹುಡುಕುತ್ತ ತಿರುಗಬೇಡಿ. ಸರಿಯಾದ ಅಳತೆಯ, ಹೊಸದಾಗಿ ತಯಾರಾದ, ಒಂದೇ ಲಾಟಿನ ಮಾಮೂಲಿ ಸೀಸದ ಗುಂಡು ಕೊಳ್ಳಿ. ಉಳಿದ ಹಣವನ್ನು ಅಭ್ಯಾಸಕ್ಕೆ ಹಾಕಿ.

.22ರಲ್ಲಿ ಸೀಸದ ಹಾಲೋ ಪಾಯಿಂಟ್ ಎಲ್ಲೆಡೆ ಕಾಣುತ್ತದೆಯಲ್ಲ?

ಹೌದು, .22 ಲಾಂಗ್ ರೈಫಲಿನಲ್ಲಿ 36ರಿಂದ 38 ಗ್ರೇನಿನ ಹಾಲೋ ಪಾಯಿಂಟ್ ತೀರ ಸಾಮಾನ್ಯ. ಆದರೆ ಹೆಸರೇ ಹೇಳುವಂತೆ ಅದರ ಲೆಕ್ಕಾಚಾರವೆಲ್ಲ ರೈಫಲಿನ ಉದ್ದ ನಳಿಗೆಯದು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಎರಡು ಅಂಗುಲದ ನಳಿಗೆಯಿಂದ ಬರುವುದಿಲ್ಲ. ಗಿಡ್ಡ ರಿವಾಲ್ವರಿಗೆ 40 ಗ್ರೇನಿನ ಗಟ್ಟಿ ದುಂಡು ಮೂತಿಯೇ ವಾಸಿ. .22ರ ಇನ್ನೊಂದು ತೊಂದರೆ ಎಂದರೆ ಅದರ ಪ್ರೈಮರ್ ಮದ್ದು, ಅಂದರೆ ಹ್ಯಾಮರಿನ ಪೆಟ್ಟಿಗೆ ಕಿಡಿ ಹೊತ್ತಿಸುವ ಮದ್ದು, ತಳದ ಅಂಚಿನ ಸುತ್ತ ಹರಡಿರುತ್ತದೆ. ಅಂಚಿನಲ್ಲಿ ಒಂದು ಕಡೆ ಮದ್ದು ಕಡಿಮೆಯಿದ್ದು ಹ್ಯಾಮರ್ ಅಲ್ಲಿಯೇ ಬಡಿದರೆ ಗುಂಡು ಹಾರುವುದಿಲ್ಲ. ನಡುವೆ ಪ್ರೈಮರ್ ಇರುವ .32ರಲ್ಲಿ ಈ ಕಾಟ ಕಡಿಮೆ.

ಹಾಲೋ ಪಾಯಿಂಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ? ಯುದ್ಧದಲ್ಲೇ ನಿಷೇಧವಂತೆ.

ಯುದ್ಧದ ನಿಷೇಧ ಬೇರೆ ಕಥೆ, ಅದರ ಬೇರು ನಮ್ಮ ದೇಶದಲ್ಲೇ ಇದೆ. 1890ರ ದಶಕದಲ್ಲಿ ಕಲ್ಕತ್ತದ ಪಕ್ಕದ ದಮ್ ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿಯ ಹೊದಿಕೆ ತೆರೆದಿಟ್ಟ, ಅರಳುವ ಗುಂಡು ತಯಾರಿಸಿದರು. ಅದಕ್ಕೆ ಎದ್ದ ಆಕ್ಷೇಪದಿಂದಲೇ 1899ರ ಹೇಗ್ ಘೋಷಣೆ ಬಂದು, ದೇಶ ದೇಶಗಳ ನಡುವಿನ ಯುದ್ಧದಲ್ಲಿ ಇಂಥ ಗುಂಡು ಬಳಸಬಾರದೆಂದಿತು. ಅದು ಸೈನ್ಯಗಳಿಗೆ ಸಂಬಂಧಿಸಿದ್ದು, ನಾಗರಿಕರ ಪರವಾನಗಿಗೆ ಅಲ್ಲ.

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ "ನಿಷೇಧಿತ ಮದ್ದುಗುಂಡು" ಎಂದು ಹೇಳುವಾಗ ವಿಷದ ದ್ರವ ಅಥವಾ ಅನಿಲ ತುಂಬಿದವು, ಬಾಂಬು, ಗ್ರೆನೇಡು, ರಾಕೆಟ್ ಇಂಥವನ್ನು ಪಟ್ಟಿ ಮಾಡುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಬೇರೆಯವನ್ನೂ ಸೇರಿಸಬಹುದು. ಆದ್ದರಿಂದ ಹೊಸ ಬಗೆಯ ಗುಂಡು ಕೊಳ್ಳುವ ಮುನ್ನ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಪರವಾನಗಿ ಶಾಖೆಯಲ್ಲಿ ಕೇಳುವುದು ಲೇಸು. ಬಾಯಿಮಾತಿಗಿಂತ ಬರೆದು ಕೇಳಿದರೆ ಇನ್ನೂ ಲೇಸು.

ಮಾಮೂಲಿ ಗುಂಡಿನ ಮೂತಿಯನ್ನು ಮನೆಯಲ್ಲೇ ಕೊರೆದರೆ?

ಮಾಡಲೇಬೇಡಿ. ಗುಂಡಿನ ತೂಕ ಒಂದೊಂದಕ್ಕೆ ಒಂದೊಂದಾಗಿ ಗುರಿ ಕೆಡುತ್ತದೆ. ಮದ್ದು ತುಂಬಿದ ಜೀವಂತ ಗುಂಡನ್ನು ಹಿಡಿದು ಕೊರೆಯುವುದು ಕೈಗೇ ಅಪಾಯ. ಇನ್ನು ನ್ಯಾಯಾಲಯದಲ್ಲಿ ಇಂಥ ಗುಂಡು ಮೇಜಿನ ಮೇಲೆ ಬಂದರೆ, ನೀವು ಆತ್ಮರಕ್ಷಣೆಗೆ ಹಾರಿಸಿದಿರಿ ಎಂಬ ಮಾತನ್ನು ನಿಮ್ಮ ವಕೀಲರೇ ಎಷ್ಟು ಗಟ್ಟಿಯಾಗಿ ಹೇಳಿಯಾರು?

ಅಂಗಡಿಯಲ್ಲಿ ನಿಂತಾಗ ಏನನ್ನು ನೋಡಬೇಕು?

ಮೊದಲು ರಿವಾಲ್ವರಿನ ನಳಿಗೆಯ ಮೇಲೆ ಕೊರೆದ ಅಕ್ಷರ ಓದಿ. ಆಮೇಲೆ ಗುಂಡಿನ ತಳ ಓದಿ. ದೇಶೀ ಗುಂಡಿನ ತಳದಲ್ಲಿ "ಕೆಎಫ್" ಎಂಬ ಗುರುತಿದ್ದರೆ ಅದು ಪುಣೆಯ ಖಡ್ಕಿ, ಹಳೆಯ ಹೆಸರಿನಲ್ಲಿ ಕಿರ್ಕಿ, ಕಾರ್ಖಾನೆಯದು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಗುಂಡು ತಯಾರಿಕೆ ಮ್ಯೂನಿಷನ್ಸ್ ಇಂಡಿಯಾ ಕಂಪನಿಗೆ ಬಂತು. ಕಾನ್ಪುರದ ರಿವಾಲ್ವರ್ ಕಾರ್ಖಾನೆ ಬೇರೊಂದು ಕಂಪನಿಯ ಪಾಲಾಯಿತು.

".32" ಎಂಬ ಒಂದೇ ಅಂಕಿ ನೋಡಿ ಕೊಂಡುಬಿಡುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಆ ಅಂಕಿಯಡಿ ಬೇರೆ ಬೇರೆ ಗುಂಡುಗಳಿವೆ. ಪಿಸ್ತೂಲಿನ .32 ಎಸಿಪಿ, ಅಂದರೆ 7.65 ಎಂಎಂ, ನೋಡಲು ಗಿಡ್ಡ, ತಾಮ್ರದ ಹೊದಿಕೆಯದು. ಅದರ ಅಂಚು ಅರೆಬರೆ ಇರುವುದರಿಂದ ಕೆಲವು ರಿವಾಲ್ವರಿನ ಸಿಲಿಂಡರಿನಲ್ಲಿ (ಗುಂಡು ತುಂಬುವ, ತಿರುಗುವ ಭಾಗ) ಕೂತೂಬಿಡುತ್ತದೆ. ಕೂತಿತೆಂದು ಹಾರಿಸಬಾರದು: ಅದರ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 20,500 ಪೌಂಡ್, .32 ಲಾಂಗಿನದು 15,000. ಅಜ್ಜನ ಕಾಲದ ರಿವಾಲ್ವರ್ ಆ ಹೊಡೆತ ತಡೆಯುತ್ತದೆಂದು ಯಾರು ಭರವಸೆ ಕೊಡುತ್ತಾರೆ? .32 ಎಚ್ ಅಂಡ್ ಆರ್ ಮ್ಯಾಗ್ನಮ್ (1984) ಮತ್ತು ಅದರ ನಂತರ ಬಂದ .327 ಫೆಡರಲ್ ಇನ್ನೂ ಬಲವಾದವು. ಅವುಗಳ ರಿವಾಲ್ವರಿನಲ್ಲಿ ನಮ್ಮ ಲಾಂಗ್ ಹಾರಿಸಬಹುದು, ನಮ್ಮದರಲ್ಲಿ ಅವುಗಳನ್ನು ಹಾರಿಸುವಂತಿಲ್ಲ. .32 ಕೋಲ್ಟ್ ನ್ಯೂ ಪೊಲೀಸ್ ಎಂದಿದ್ದರೆ ಗಾಬರಿ ಬೇಡ, ಅದು ನಮ್ಮ ಲಾಂಗೇ, ಮೂತಿ ಮಾತ್ರ ಸ್ವಲ್ಪ ಚಪ್ಪಟೆ. ಹೆಸರಿನಲ್ಲಿ ಹತ್ತಿರವಿದ್ದರೂ .32 ಲಾಂಗ್ ಕೋಲ್ಟ್ ಮಾತ್ರ ಬೇರೆಯೇ ಅಳತೆಯದು.

ಪೆಟ್ಟಿಗೆ ತೆರೆದು ಒಂದೆರಡು ಗುಂಡನ್ನು ಬೆಳಕಿಗೆ ಹಿಡಿಯಿರಿ. ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಸೀಸದ ಮೇಲೆ ಬಿಳಿ ಪುಡಿ, ಕತ್ತಿನ ಬಳಿ ಕೂದಲೆಳೆಯಂಥ ಬಿರುಕು, ಇವುಗಳಲ್ಲಿ ಒಂದಿದ್ದರೂ ಬೇಡ ಎನ್ನಿ. ಪ್ರೈಮರಿನ ಮೇಲೆ ಬೆರಳು ಸವರಿದರೆ ಅದು ತಳದ ಮಟ್ಟಕ್ಕೆ ಅಥವಾ ತುಸು ಒಳಗೆ ಇರಬೇಕು. ಉಬ್ಬಿ ನಿಂತ ಪ್ರೈಮರ್ ಸಿಲಿಂಡರ್ ತಿರುಗದಂತೆ ತಡೆಯುತ್ತದೆ. ಅಂಗಡಿಯವರು ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ.

ದುಂಡು ಮೂತಿ, ಚಪ್ಪಟೆ ಮೂತಿ: ಯಾವುದು?

ಸಿಕ್ಕಿದರೆ ಚಪ್ಪಟೆ. ವ್ಯಾಡ್‌ಕಟರ್ ಎಂದು ಕರೆಯುವ ಪೂರ್ತಿ ಚಪ್ಪಟೆ ಗುಂಡು ಕಾಗದದ ಗುರಿಯಲ್ಲಿ ಪಂಚ್ ಹೊಡೆದಂತೆ ದುಂಡನೆಯ ತೂತು ಮಾಡುತ್ತದೆ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯ ಗುರಿಕಾರರು .32ರಲ್ಲಿ ಇದನ್ನೇ ಬಳಸುತ್ತಾರೆ. ಅರಳಬೇಕಾದ ಹಂಗಿಲ್ಲದೆ ತನ್ನ ಪೂರ್ತಿ ಅಗಲದಲ್ಲೇ ಹೋಗುವುದರಿಂದ ಮೆಲ್ಲನೆಯ ಬೋರಿಗೆ ಇದು ಹೊಂದುತ್ತದೆ. ಆದರೆ ಸಾಮಾನ್ಯ ಅಂಗಡಿಯಲ್ಲಿ ಸಿಗುವುದು ದುಂಡು ಮೂತಿಯೇ. ಅದರಿಂದ ನಷ್ಟವೇನೂ ಇಲ್ಲ.

ಇಲ್ಲೊಂದು ಸೂಕ್ಷ್ಮ. ಸಣ್ಣ ರಿವಾಲ್ವರುಗಳ ಗುರಿಮಣಿ ಕದಲಿಸಲು ಬಾರದ್ದು. ಅದನ್ನು ಕೂರಿಸಿರುವುದು 98 ಗ್ರೇನಿನ ಸುತ್ತಮುತ್ತಲಿನ ಗುಂಡಿಗೆ. ಹಗುರ ಗುಂಡು ಹಾಕಿದರೆ ಪೆಟ್ಟು ಗುರಿಯ ಕೆಳಗೆ ಬೀಳುತ್ತದೆ, ಭಾರದ್ದು ಮೇಲೆ ಬೀಳುತ್ತದೆ. ತೂಕ ಬದಲಾಯಿಸಿದಾಗಲೆಲ್ಲ ರೇಂಜಿನಲ್ಲಿ ನೋಡಿಕೊಳ್ಳದೆ ನಂಬಬೇಡಿ.

"ನಿರ್ಭೀಕ್" ತರಹದ ಹಗುರ ರಿವಾಲ್ವರಿಗೆ ಬೇರೆ ಗುಂಡು ಬೇಕೇ?

ಬೇಡ. 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕಿಲೊ. ಗುಂಡು ಅದೇ .32. ಹಗುರವಾದಷ್ಟೂ ಕೈಗೆ ಒದೆ ಹೆಚ್ಚು, ಅಷ್ಟೇ. ರೇಂಜಿನಲ್ಲಿ ನಾಲ್ಕೈದು ಗುಂಡು ಹಾರಿಸಿ, ಉಳಿದ ಒಂದನ್ನು ಹೊರತೆಗೆದು, ಹಾರಿಸದ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಒದೆಗೆ ಸೀಸ ಮುಂದೆ ಸರಿದು ಉದ್ದ ಹೆಚ್ಚಿದ್ದರೆ ಆ ಲಾಟಿನ ಬಿಗಿತ ಸಾಲದು ಎಂದರ್ಥ. ಮುಂದೆ ಚಾಚಿದ ಗುಂಡು ಸಿಲಿಂಡರನ್ನು ಜಾಮ್ ಮಾಡುತ್ತದೆ.

ಗುಂಡು ಪರೀಕ್ಷಿಸಲು ಊರಾಚೆಯ ಬೆಟ್ಟದ ಕಡೆ ಹೋಗಬಹುದೇ?

ಬಳ್ಳಾರಿ, ಕೊಪ್ಪಳದವರು ಇದನ್ನು ಕೇಳುವುದು ಸಹಜ, ಮನೆಯಿಂದ ತಲೆ ಎತ್ತಿದರೆ ಬಂಡೆ ಕಾಣುತ್ತದೆ. ಆದರೆ ಗುಂಡು ಹಾರಿಸಲು ನಮ್ಮ ಬಂಡೆಗಳಿಗಿಂತ ಕೆಟ್ಟ ಜಾಗವಿಲ್ಲ. ಗ್ರಾನೈಟಿಗೆ ಓರೆಯಾಗಿ ಬಡಿದ ಸೀಸ ಚಪ್ಪಟೆಯಾಗಿ ದಿಕ್ಕು ಬದಲಿಸಿ ಹಾರುತ್ತದೆ. ನೇರ ಬಡಿದರೆ ಸಿಡಿದು ಚೂರುಗಳು ಹಿಂದಕ್ಕೇ ಬರುತ್ತವೆ. ಗುಂಡು ಮೆದುವೆಂಬ ಧೈರ್ಯ ಬೇಡ. ಬಂಡೆಯ ಮರೆಯಲ್ಲಿ ಕುರಿ ಕಾಯುವವರು ಇರುತ್ತಾರೆ ಎಂಬುದೂ ಗೊತ್ತಿರಲಿ. ಮೇಲಾಗಿ ಅಜಾಗರೂಕತೆಯಿಂದ ಹಾರಿಸಿ ಜನರ ಜೀವಕ್ಕೆ ಅಪಾಯ ತರುವುದು ಶಿಕ್ಷಾರ್ಹ.

ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ ಹೆಸರು ಬರೆಸಿ. ಸಣ್ಣ ರಿವಾಲ್ವರಿನಲ್ಲಿ ಏಳೆಂಟು ಮೀಟರ್ ದೂರದ ತಟ್ಟೆಯಷ್ಟಗಲ ಗುರಿಗೆ ಆರಕ್ಕೆ ಆರು ಬೀಳದಿದ್ದರೆ ಗುಂಡಿನ ಜಾತಿ ಚರ್ಚಿಸಿ ಏನು ಪ್ರಯೋಜನ?

ಹಾರಿಸಿದಾಗ "ಟಕ್" ಎಂದಷ್ಟೇ ಕೇಳಿಸಿದರೆ?

ಎರಡು ಬಗೆ ಇದೆ, ಎರಡನ್ನೂ ತಿಳಿದಿರಬೇಕು. ಹ್ಯಾಮರ್ ಬಿದ್ದು ಏನೂ ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯೊಳಗೆ ಇಣುಕಿ ನೋಡುವ ಚಪಲ ಬೇಡ.

ಇನ್ನೊಂದು ಹೆಚ್ಚು ಮೋಸದ್ದು. ಸದ್ದು ಬಂತು, ಆದರೆ ಯಾವಾಗಿನಂತಿಲ್ಲ, ಒದೆಯೂ ಕಡಿಮೆ. ಮದ್ದು ಕೆಟ್ಟು ಬಲ ಸಾಲದೆ ಸೀಸ ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. .32ರಂಥ ಕಡಿಮೆ ಒತ್ತಡದ ಗುಂಡು ಹಳೆಯದಾದಾಗ ಹೀಗಾಗುವ ಸಂಭವವಿದೆ. ಆಗ ಎರಡನೆಯ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಅಲ್ಲಿಗೇ ನಿಲ್ಲಿಸಿ, ಗುಂಡುಗಳನ್ನೆಲ್ಲ ತೆಗೆದು, ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿ.

ನಮ್ಮ ಬಿಸಿಲಿಗೆ ಗುಂಡು ಕೆಡುತ್ತದೆಯೇ?

ಮನೆಯೊಳಗೆ ನೆರಳಿನಲ್ಲಿದ್ದರೆ ಕೆಡುವುದಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಡುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಎಂದರೆ ಮುಚ್ಚಿದ ಕಾರಿನೊಳಗಿನ ಸ್ಥಿತಿ ಊಹಿಸಿ. ಸೀಸದ ಗುಂಡಿನ ಚಡಿಗಳಲ್ಲಿ ಸವರಿರುವ ಮೇಣ ಕರಗಿ ಮದ್ದಿನ ಕಡೆಗೆ ಇಳಿಯಬಹುದು. ಪದೇ ಪದೇ ಕಾದು ತಣಿದರೆ ಮದ್ದಿನ ಗುಣವೂ ಕುಂದುತ್ತದೆ. ಕಾರಿನಲ್ಲಿ ಬಿಟ್ಟುಹೋಗುವುದು ಕಳ್ಳರಿಗೆ ಕೊಟ್ಟಂತೆಯೂ ಹೌದು.

ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ಗುಂಡು ಸಿಕ್ಕಿಸಿಡುವ ಶೋಕಿ ಕೆಲವರಿಗಿದೆ. ಚರ್ಮ ಹದ ಮಾಡಿದ ರಾಸಾಯನಿಕ ಹಿತ್ತಾಳೆಗೆ ತಗಲಿ ಹಸಿರು ಕಿಲುಬು ಕಟ್ಟುತ್ತದೆ. ಕಾರ್ಖಾನೆಯ ಪೆಟ್ಟಿಗೆಯಲ್ಲೇ ಇಡಿ, ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ, ರಿವಾಲ್ವರಿನಿಂದ ಬೇರೆಯಾಗಿ. ಸಿಂಧನೂರು, ಗಂಗಾವತಿಯ ಕಾಲುವೆ ಸೀಮೆಯವರು ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಹಾಕಿಡಿ. ಸಂಡೂರಿನ ಕಡೆಯವರಿಗೆ ತೇವಕ್ಕಿಂತ ಕೆಂಪು ಅದಿರು ಧೂಳಿನದೇ ಚಿಂತೆ: ಎಣ್ಣೆ ಹೆಚ್ಚಾದಷ್ಟೂ ಧೂಳು ಅಂಟಿ ಸಿಲಿಂಡರಿನ ಅಡಿಯಲ್ಲಿ ಕೆಸರಾಗುತ್ತದೆ. ತೆಳ್ಳಗೆ ಸವರಿ, ಒರೆಸಿಬಿಡಿ.

ಸೀಸದ ಗುಂಡಿನಿಂದ ನಳಿಗೆ ಹಾಳಾಗುತ್ತದೆಯೇ?

ಹಾಳಾಗುವುದಿಲ್ಲ, ಹೊಲಸಾಗುತ್ತದೆ. ನಳಿಗೆಯ ಒಳಗಿನ ಸುರುಳಿ ಚಡಿಗಳಲ್ಲಿ ಸೀಸದ ಪದರ ಕೂರುತ್ತದೆ. ಹಾರಿಸಿದ ದಿನವೇ ಕಂಚಿನ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ. ಅಡುಗೆಮನೆಯಲ್ಲಿ ಈ ಕೆಲಸ ಬೇಡ; ಸೀಸ ವಿಷ, ಮಕ್ಕಳಿಗಂತೂ ಇನ್ನೂ ಹೆಚ್ಚು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು, ಆಮೇಲೆ ಊಟ.

ಆಯುಧ ಪೂಜೆಗೆ ಇಡಬಹುದಲ್ಲ?

ಇಡಿ, ಖಾಲಿ ಮಾಡಿ ಇಡಿ. ಸಿಲಿಂಡರ್ ತೆರೆದು ಆರೂ ತೂತುಗಳಲ್ಲಿ ಬೆಳಕು ಕಂಡ ಮೇಲೆಯೇ ಕುಂಕುಮ. ಗುಂಡಿನ ಪೆಟ್ಟಿಗೆಗೆ ಅರಿಸಿನದ ನೀರು ಚಿಮುಕಿಸಬೇಡಿ. ಒದ್ದೆ ಕುಂಕುಮ ಉಕ್ಕಿನ ಮೇಲೆ ರಾತ್ರಿಯಿಡೀ ಉಳಿದರೆ ಆ ಬೊಟ್ಟಿನ ಆಕಾರದಲ್ಲೇ ತುಕ್ಕು ಏಳುತ್ತದೆ, ಮತ್ತೆ ಹೋಗುವುದಿಲ್ಲ. ಬನ್ನಿ ಮುಡಿಯುವ ಹೊತ್ತಿಗೆ, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ಇಟ್ಟಿದೆ.

ಕರಡಿ, ಚಿರತೆ ಕಾಟಕ್ಕೆ ಇದು ಸಾಕೇ?

ಸಾಲದು, ಮತ್ತು ಆ ಯೋಚನೆಯೇ ತಪ್ಪು. ಎರಡೂ ವನ್ಯಜೀವಿ ಕಾಯ್ದೆಯಡಿ ಅತಿ ಹೆಚ್ಚು ರಕ್ಷಣೆ ಪಡೆದ ಪ್ರಾಣಿಗಳು. .32ರಿಂದ ಗಾಯಗೊಂಡ ಕರಡಿ ಗಾಯವಿಲ್ಲದ ಕರಡಿಗಿಂತ ಅಪಾಯಕಾರಿ. ದರೋಜಿಯಂಥ ಧಾಮದೊಳಗೆ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. ಅರಣ್ಯ ಇಲಾಖೆಗೆ ಫೋನು ಮಾಡಿ.

ಎಷ್ಟು ಗುಂಡು ಇಟ್ಟುಕೊಳ್ಳಬಹುದು? ಗೆಳೆಯನಿಗೆ ನಾಲ್ಕು ಕೊಡಬಹುದೇ?

ಪರವಾನಗಿಯಲ್ಲಿ ಎರಡು ಅಂಕಿ ಇರುತ್ತವೆ: ಒಂದೇ ಸಲಕ್ಕೆ ಇಟ್ಟುಕೊಳ್ಳಬಹುದಾದದ್ದು, ವರ್ಷಕ್ಕೆ ಕೊಳ್ಳಬಹುದಾದದ್ದು. ಅಷ್ಟೇ ಲೆಕ್ಕ. ಕೊಂಡ ದಿನ, ಹಾರಿಸಿದ ಜಾಗ, ಉಳಿದ ಸಂಖ್ಯೆ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಖಾಲಿ ಖೋಕಾಗಳನ್ನು (ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕವಚ) ಎಸೆಯಬೇಡಿ. ಗೆಳೆಯನಿಗೆ ಒಂದನ್ನೂ ಕೊಡಬೇಡಿ.

ಚುನಾವಣೆ ಬಂದಾಗ ಗುಂಡನ್ನೂ ಠಾಣೆಗೆ ಕೊಡಬೇಕೇ?

ಜಿಲ್ಲಾಧಿಕಾರಿಯವರ ಆದೇಶದಲ್ಲಿ ಹೇಳಿದ್ದನ್ನು ಕೊಡಬೇಕು. ಕೊಡುವಾಗ ರಿವಾಲ್ವರಿನ ನಂಬರ್, ಗುಂಡಿನ ಸಂಖ್ಯೆ ಎರಡೂ ಇರುವ ರಸೀದಿ ಪಡೆಯಿರಿ. ಒಪ್ಪಿಸುವ ಮುನ್ನ ಎಣ್ಣೆ ಸವರಿ. ಠಾಣೆಯ ಕೋಣೆಯಲ್ಲಿ ವಾರಗಟ್ಟಲೆ ಇದ್ದು ಬರುತ್ತದೆ. ಹಿಂದೆ ಪಡೆದ ದಿನವೇ ನಳಿಗೆಯೊಳಗೆ ಬಟ್ಟೆ ಹಾಯಿಸಿ, ಗುಂಡುಗಳನ್ನು ಒಂದೊಂದಾಗಿ ನೋಡಿ.

ಮಂತ್ರಾಲಯಕ್ಕೆ ಹೋಗುವಾಗ ಜೊತೆಯಲ್ಲಿ ಒಯ್ಯಬಹುದೇ?

ರಾಯಚೂರಿನವರಿಗೆ ಮಂತ್ರಾಲಯ ಪಕ್ಕದೂರು, ಬಳ್ಳಾರಿಯವರಿಗೆ ಗುಂತಕಲ್ಲು, ರಾಯದುರ್ಗ ಹಾಗೆಯೇ. ಆದರೆ ಅವು ಆಂಧ್ರದಲ್ಲಿವೆ. ಪರವಾನಗಿಯ ವ್ಯಾಪ್ತಿ ಎಂಬಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ಗಡಿ ದಾಟಿದೊಡನೆ ನಿಮ್ಮ ಕಾಗದ ಕೆಲಸಕ್ಕೆ ಬರುವುದಿಲ್ಲ, ಸೊಂಟದ ರಿವಾಲ್ವರ್ ಪರವಾನಗಿ ಇಲ್ಲದ ಆಯುಧವಾಗುತ್ತದೆ. ಗುಂಡು ಮಾತ್ರ ಜೇಬಿನಲ್ಲಿ ಉಳಿದಿದ್ದರೂ ಅದೇ ಪಾಡು. ವಿದ್ಯಾನಗರದಿಂದ ವಿಮಾನ ಹತ್ತುವವರು ಹಿಂದಿನ ರಾತ್ರಿ ಕೈಚೀಲದ ಮೂಲೆಗಳನ್ನೆಲ್ಲ ತಡಕಿ ನೋಡಿ: ಮರೆತ ಒಂದೇ ಒಂದು ಗುಂಡು ಎಕ್ಸ್‌ರೇಯಲ್ಲಿ ಕಂಡರೆ ಆ ದಿನದ ಪ್ರಯಾಣ ಅಲ್ಲಿಗೇ ಮುಗಿಯಿತು.